ಔಷಧಿ ಹೊಡೆಯುವಾಗ ಕುಸಿದವರಿಗೆ ಮೊದಲ ಗಂಟೆಯಲ್ಲಿ ಏನಾಗಬೇಕು? ಕೋಲಾರ, ಚಿಕ್ಕಬಳ್ಳಾಪುರ ಭಾಗದ ರೈತರೂ ವೈದ್ಯರೂ ನಡೆಸಿದ ಚರ್ಚೆ

ಮುಳಬಾಗಿಲಿನ ಟೊಮೆಟೊ ಬೆಳೆಗಾರ:
ಹಿರಿಯರಿಗೂ ವೈದ್ಯರಿಗೂ ನಮಸ್ಕಾರ. ಕಳೆದ ಬೇಸಿಗೆಯಲ್ಲಿ ನಮ್ಮ ಚಿಕ್ಕಪ್ಪನ ಮಗ ಕಾಯಿಕೊರಕಕ್ಕೊಂದು, ಬಿಳಿನೊಣಕ್ಕೊಂದು ಔಷಧಿಯನ್ನು ಒಂದೇ ಪಂಪಿಗೆ ಬೆರೆಸಿ ಮಧ್ಯಾಹ್ನದ ಬಿಸಿಲಲ್ಲಿ ಹೊಡೆಯುತ್ತಿದ್ದ. ಪಂಪಿನ ಮುಚ್ಚಳ ಸೋರಿ ಅವನ ಬೆನ್ನೆಲ್ಲ ನೆನೆದಿತ್ತು. ಬೆವರು, ವಾಂತಿ, ಬಾಯಲ್ಲಿ ನೀರು ಶುರುವಾದ ಮೇಲೆ ಹತ್ತಿರದ ಚಿಕಿತ್ಸಾಲಯಕ್ಕೆ ಕರೆದೊಯ್ದೆವು. ಅಲ್ಲಿ ಬಿಸಿಲಿನ ಹೊಡೆತವೆಂದು ಡ್ರಿಪ್ ಹಾಕಿದರು. ಸಂಜೆಗೆ ಉಸಿರಾಟ ಕಷ್ಟವಾಗಿ ದೊಡ್ಡ ಆಸ್ಪತ್ರೆಗೆ ಹೋದಾಗ, ಅಲ್ಲಿಯ ವೈದ್ಯರು ಕಣ್ಣಿಗೆ ಬೆಳಕು ಬಿಟ್ಟು ನೋಡಿದವರೇ ಒಂದರ ಹಿಂದೊಂದು ಇಂಜೆಕ್ಷನ್ ಕೊಡತೊಡಗಿದರು. ಈಗ ಮನೆಗೆ ಬಂದಿದ್ದಾನೆ. ನನ್ನ ಪ್ರಶ್ನೆಗಳು ಎರಡು. ಒಬ್ಬರಿಗೆ ತಿಳಿಯದೆ ಹೋದದ್ದು ಇನ್ನೊಬ್ಬರಿಗೆ ಎರಡು ನಿಮಿಷದಲ್ಲಿ ಹೇಗೆ ತಿಳಿಯಿತು? ಇಂಥ ಹೊತ್ತಿನಲ್ಲಿ ಎಲ್ಲಿಯೂ ನಿಲ್ಲದೆ ನೇರವಾಗಿ ಬೆಂಗಳೂರಿಗೆ ಹೋಗುವುದು ಸರಿಯೇ?

ತುರ್ತು ಚಿಕಿತ್ಸಾ ವೈದ್ಯ, ಕೋಲಾರ:
ಮೊದಲಿಗೆ ಆ ಚಿಕಿತ್ಸಾಲಯದವರ ಪರವಾಗಿ ಒಂದು ಮಾತು. ಏಪ್ರಿಲ್ ತಿಂಗಳಲ್ಲಿ ಹೊಲದಿಂದ ಬೆವರುತ್ತ, ವಾಂತಿ ಮಾಡುತ್ತ ಬಂದವನನ್ನು ಕಂಡರೆ ಬಿಸಿಲಿನ ಹೊಡೆತವೇ ಮೊದಲು ನೆನಪಾಗುವುದು ಅಸಹಜವಲ್ಲ. ಕೆಲಸ ಮಾಡುತ್ತಲೇ ಬಿಸಿಲಿಗೆ ಕುಸಿದವರ ಮೈ ಕೂಡ ಬೆವರಿನಿಂದ ಒದ್ದೆಯಾಗಿಯೇ ಇರುತ್ತದೆ. ಆದ್ದರಿಂದ ಬೆವರೊಂದನ್ನೇ ನೋಡಿ ಎರಡನ್ನೂ ಬೇರ್ಪಡಿಸಲಾಗದು. ಬೇರ್ಪಡಿಸುವ ಗುರುತುಗಳು ಬೇರೆ ಇವೆ. ಬಿಸಿಲಿನ ಹೊಡೆತ ತೀವ್ರವಾಗಿದ್ದರೆ ಮೈಯ ಒಳ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ, ಮಾತು ತೊದಲುತ್ತದೆ. ಆದರೆ ಕಣ್ಣಿನ ಪಾಪೆ ಸಾಸಿವೆ ಕಾಳಿಗಿಂತ ಚಿಕ್ಕದಾಗಿ ಮುದುಡಿಕೊಳ್ಳುವುದಿಲ್ಲ, ಎದೆಯಲ್ಲಿ ಗೊರಗೊರ ಸದ್ದು ಕೇಳುವುದಿಲ್ಲ, ತೊಡೆ ಮತ್ತು ರೆಪ್ಪೆಯ ಮಾಂಸಖಂಡಗಳು ಚರ್ಮದ ಕೆಳಗೆ ತಾವಾಗಿಯೇ ಮಿಡಿಯುವುದಿಲ್ಲ. ಈ ಮೂರೂ ಇದ್ದು, ಹೊಲದಲ್ಲಿ ಔಷಧಿ ಹೊಡೆಯುತ್ತಿದ್ದ ವಿಷಯವೂ ಗೊತ್ತಿದ್ದರೆ, ಪ್ರಯೋಗಾಲಯದ ವರದಿಗಾಗಿ ಕಾಯುವ ಅಗತ್ಯವಿಲ್ಲ.

ಒಳಗೆ ನಡೆಯುವುದು ಹೀಗೆ. ನರದ ತುದಿಯಿಂದ ಅಸೆಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬಿದ್ದಾಗ ಗ್ರಂಥಿಯೋ ಮಾಂಸಖಂಡವೋ ಕೆಲಸ ಮಾಡುತ್ತದೆ. ಕೆಲಸ ಮುಗಿದ ಕೂಡಲೇ ಕೋಲಿನೆಸ್ಟರೇಸ್ ಎಂಬ ಕಿಣ್ವ ಅದನ್ನು ಒಡೆದು ತೆಗೆಯುತ್ತದೆ. ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್, ಡೈಮಿಥೊಯೇಟ್, ಮೊನೊಕ್ರೊಟೊಫಾಸ್ ಮುಂತಾದ ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕಗಳು ಈ ಕಿಣ್ವಕ್ಕೆ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುವುದರಿಂದ ಗ್ರಂಥಿಗಳು ಎಡೆಬಿಡದೆ ಸ್ರವಿಸುತ್ತವೆ. ಜೊಲ್ಲು, ಕಣ್ಣೀರು, ಭೇದಿ ಹೊರಗೆ ಕಾಣುವಂಥವು. ರೋಗಿಯನ್ನು ಕೊಲ್ಲುವುದು ಕಾಣದ್ದು, ಅಂದರೆ ಶ್ವಾಸನಾಳಗಳಲ್ಲಿ ತುಂಬಿಕೊಳ್ಳುವ ದ್ರವ. ಪುಸ್ತಕದಲ್ಲಿ ನಾಡಿ ನಿಧಾನವಾಗುತ್ತದೆ ಎಂದಿದ್ದರೂ ಆರಂಭದಲ್ಲಿ ಅದು ವೇಗವಾಗಿಯೂ ಇರಬಹುದು. ನಾಡಿ ಜೋರಾಗಿದೆ ಎಂಬ ಒಂದೇ ಕಾರಣಕ್ಕೆ ವಿಷವಲ್ಲವೆಂದು ತಳ್ಳಿಹಾಕಿದ್ದನ್ನು ನಾನೇ ನೋಡಿದ್ದೇನೆ.

ಅನುಮಾನ ಉಳಿದರೆ, ಈ ಸ್ರಾವವನ್ನು ತಡೆಯುವ ಪ್ರತಿವಿಷವಾದ ಅಟ್ರೋಪಿನ್ ಅನ್ನು ಅಲ್ಪ ಪ್ರಮಾಣದಲ್ಲಿ ಕೊಟ್ಟು ನೋಡುವ ರೂಢಿಯಿದೆ. ಆರೋಗ್ಯವಂತನಿಗೆ ಸುಮಾರು ಒಂದು ಮಿಲಿಗ್ರಾಂ ಕೊಟ್ಟರೆ ನಾಡಿ ಏರುತ್ತದೆ, ಬಾಯಿ ಒಣಗುತ್ತದೆ, ಪಾಪೆ ಹಿಗ್ಗುತ್ತದೆ. ವಿಷ ತೀವ್ರವಾಗಿ ಏರಿದವನಲ್ಲಿ ಅಷ್ಟಕ್ಕೆ ಏನೂ ಬದಲಾಗುವುದಿಲ್ಲ.

ಪ್ರಯೋಗಾಲಯ ತಂತ್ರಜ್ಞ, ಚಿಕ್ಕಬಳ್ಳಾಪುರ:
ವೈದ್ಯರ ಮಾತಿಗೆ ಪ್ರಯೋಗಾಲಯದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ನಮ್ಮಲ್ಲಿ ಸಾಮಾನ್ಯವಾಗಿ ಮಾಡುವುದು ರಕ್ತದ ದ್ರವಭಾಗದ ಕೋಲಿನೆಸ್ಟರೇಸ್ ಪರೀಕ್ಷೆ. ಇದರ ಸಹಜ ಮಿತಿ ಬಹಳ ಅಗಲವಾದದ್ದು. ಮೇಲಿನ ತುದಿಯಲ್ಲಿದ್ದ ಮನುಷ್ಯ ತನ್ನ ಅರ್ಧದಷ್ಟು ಕಿಣ್ವವನ್ನು ಕಳೆದುಕೊಂಡರೂ ವರದಿಯಲ್ಲಿ ಸಹಜವೆಂದೇ ಬರಬಹುದು. ಯಕೃತ್ತಿನ ಕಾಯಿಲೆ, ಅಪೌಷ್ಟಿಕತೆ, ಗರ್ಭಾವಸ್ಥೆಗಳಲ್ಲಿ ವಿಷವಿಲ್ಲದೆಯೂ ಇದು ಕಡಿಮೆಯಾಗುತ್ತದೆ. ಕೆಂಪು ರಕ್ತಕಣದೊಳಗಿನ ಕಿಣ್ವವನ್ನು ಅಳೆಯುವುದು ನರದ ಸ್ಥಿತಿಗೆ ಹೆಚ್ಚು ಹತ್ತಿರವಾದ ಪರೀಕ್ಷೆ, ಆದರೆ ಅದು ಎಲ್ಲ ಕಡೆ ಸಿಗುವುದಿಲ್ಲ. ವರದಿಯ ಅಂಕಿಯನ್ನು ನೋಡಿ ಇಂಜೆಕ್ಷನ್ ಪ್ರಮಾಣವನ್ನು ನಿರ್ಧರಿಸುವವರು ಇದ್ದಾರೆ. ಆ ಅಂಕಿ ಅಷ್ಟು ಭಾರ ಹೊರಲಾರದು.

ಕೀಟನಾಶಕ ಅಂಗಡಿಯವರು, ಶ್ರೀನಿವಾಸಪುರ:
ಅಂಗಡಿಯವರ ಮಾತನ್ನೂ ಕೇಳಿ. ಪ್ರತಿ ಡಬ್ಬಿಯ ಮೇಲೆ ವಜ್ರಾಕೃತಿಯ ಗುರುತಿನೊಳಗೆ ಬಣ್ಣವಿರುತ್ತದೆ. ಕೆಂಪು ಅತ್ಯಂತ ವಿಷಕಾರಿ, ಹಳದಿ ಹೆಚ್ಚು ವಿಷಕಾರಿ, ನೀಲಿ ಮಧ್ಯಮ, ಹಸಿರು ಕಡಿಮೆ. ಜೊತೆಗಿರುವ ಕರಪತ್ರದಲ್ಲಿ ರಾಸಾಯನಿಕದ ಹೆಸರು, ಪ್ರತಿವಿಷ ಎಲ್ಲವೂ ಕನ್ನಡದಲ್ಲೂ ಅಚ್ಚಾಗಿರುತ್ತದೆ. ರೈತರು ಆ ಕರಪತ್ರವನ್ನು ಅಂಗಡಿಯ ಮೆಟ್ಟಿಲ ಮೇಲೆಯೇ ಬಿಸಾಡಿ ಹೋಗುತ್ತಾರೆ. ಮಾವಿನ ಹೂವಿನ ಕಾಲದಲ್ಲಿ ಜಿಗಿಹುಳುವಿಗೆಂದು ಒಂದೇ ಟ್ಯಾಂಕಿಗೆ ಮೂರು ನಾಲ್ಕು ಬಗೆಯದನ್ನು ಸುರಿಯುವುದನ್ನು ನಾವು ಬೇಡವೆಂದರೂ ಕೇಳುವವರಿಲ್ಲ.

ಮುಳಬಾಗಿಲಿನ ಟೊಮೆಟೊ ಬೆಳೆಗಾರ:
ಅಣ್ಣ, ಬೇಡವೆಂದು ಹೇಳುವ ಅಂಗಡಿಗಳಿಗಿಂತ ‘ಇದರ ಜೊತೆ ಇದನ್ನೂ ಹಾಕಿ’ ಎಂದು ಕೊಡುವ ಅಂಗಡಿಗಳೇ ನಮ್ಮ ಕಡೆ ಹೆಚ್ಚು. ಡಬ್ಬಿಯನ್ನು ಆಸ್ಪತ್ರೆಗೆ ಒಯ್ಯಬೇಕೆಂಬುದು ನಮಗೆ ಆವತ್ತು ಹೊಳೆಯಲೇ ಇಲ್ಲ. ಹೊಳೆದಿದ್ದರೆ ಅದರಿಂದ ಅಷ್ಟೊಂದು ಪ್ರಯೋಜನವಾಗುತ್ತಿತ್ತೇ?

ತುರ್ತು ಚಿಕಿತ್ಸಾ ವೈದ್ಯ, ಕೋಲಾರ:
ಬಹಳ ಪ್ರಯೋಜನವಾಗುತ್ತಿತ್ತು. ಆರ್ಗನೋಫಾಸ್ಫೇಟ್ ಎಂಬ ಒಂದೇ ಗುಂಪಿನೊಳಗೂ ಒಂದರ ನಡತೆ ಇನ್ನೊಂದಕ್ಕಿಲ್ಲ. ಶ್ರೀಲಂಕಾದ ಆಸ್ಪತ್ರೆಗಳಲ್ಲಿ 802 ರೋಗಿಗಳನ್ನು ಗಮನಿಸಿ 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕ್ಲೋರ್‌ಪೈರಿಫಾಸ್ ದೇಹ ಸೇರಿದವರ ಸಾವಿನ ಪ್ರಮಾಣ ಶೇ. 8 ಇದ್ದರೆ ಫೆಂಥಿಯಾನ್‌ನಲ್ಲಿ ಶೇ. 16.2, ಡೈಮಿಥೊಯೇಟ್‌ನಲ್ಲಿ ಶೇ. 23.1 ಇತ್ತು. ಡೈಮಿಥೊಯೇಟ್ ಸೇರಿದವರಲ್ಲಿ ರಕ್ತದೊತ್ತಡ ಬೇಗನೆ ಕುಸಿಯುತ್ತದೆ. ಇನ್ನು ಕೆಲವು ಕೊಬ್ಬಿನಲ್ಲಿ ಅಡಗಿಕೊಂಡು ದಿನಗಳ ನಂತರ ಮತ್ತೆ ರಕ್ತಕ್ಕೆ ಬರುತ್ತವೆ. ಯಾವುದು ಒಳಗೆ ಹೋಗಿದೆ ಎಂದು ಗೊತ್ತಿದ್ದರೆ ಮುಂದಿನ ಅಪಾಯ ಯಾವ ಗಂಟೆಗೆ ಬಂದೀತೆಂದು ಊಹಿಸಬಹುದು. ಕಾರ್ಬಮೇಟ್ ಎಂಬ ಇನ್ನೊಂದು ಕೀಟನಾಶಕ ಗುಂಪಿನದಾದರೆ ಲಕ್ಷಣಗಳು ಇವೇ ಇದ್ದರೂ ಕಿಣ್ವ ಸಾಮಾನ್ಯವಾಗಿ ಒಂದೆರಡು ದಿನಗಳೊಳಗೆ ತಾನಾಗಿಯೇ ಬಿಡುಗಡೆಯಾಗುತ್ತದೆ.

ಬೆರಕೆಯ ವಿಷಯದಲ್ಲಿ 2017ರ ಯವತ್ಮಾಳವನ್ನು ನೆನೆಯಬೇಕು. ಮಹಾರಾಷ್ಟ್ರದ ಆ ಜಿಲ್ಲೆಯಲ್ಲಿ ಹತ್ತಿಗೆ ಔಷಧಿ ಹೊಡೆಯುತ್ತಿದ್ದ ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ಬಿಟ್ಟರು. ಅಲ್ಲಿ ಬಳಕೆಯಲ್ಲಿದ್ದವುಗಳ ಪೈಕಿ ಡಯಾಫೆಂಥಿಯುರಾನ್ ಎಂಬುದು ಕೋಲಿನೆಸ್ಟರೇಸ್ ಅನ್ನು ಮುಟ್ಟುವುದೇ ಇಲ್ಲ, ಜೀವಕೋಶದ ಶಕ್ತಿ ಉತ್ಪಾದನೆಯನ್ನು ತಡೆಯುತ್ತದೆ. ಅದಕ್ಕೆ ಅಟ್ರೋಪಿನ್ ಪ್ರತಿವಿಷವಲ್ಲ. ನಮ್ಮ ಟೊಮೆಟೊ ತೋಟಗಳಲ್ಲಿ ಪ್ರೊಫೆನೊಫಾಸ್ ಮತ್ತು ಸೈಪರ್‌ಮೆಥ್ರಿನ್ ಎರಡೂ ಒಂದೇ ಡಬ್ಬಿಯಲ್ಲಿ ಬೆರೆತೇ ಬರುವುದುಂಟು. ಮುಖ ಉರಿಯುವುದು, ಚರ್ಮ ಜುಮುಜುಮು ಎನ್ನುವುದು ಎರಡನೆಯದರ ಗುರುತು. ಪಾಪೆ ಮುದುಡಿ ಎದೆ ಗೊರಗುಟ್ಟುವುದು ಮೊದಲನೆಯದರದ್ದು. ಡಬ್ಬಿಯನ್ನೇ ತರಲಾಗದಿದ್ದರೆ ಅದರ ಹಿಂದುಮುಂದಿನ ಚಿತ್ರ ತೆಗೆದು ತಂದರೂ ಸಾಕು.

ಶುಶ್ರೂಷಾಧಿಕಾರಿ, ಗೌರಿಬಿದನೂರು:
ಎರಡನೆಯ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ. ನನ್ನ ಅಭಿಪ್ರಾಯದಲ್ಲಿ ನೇರವಾಗಿ ಬೆಂಗಳೂರಿಗೆ ಹೋಗುವುದು ಅತ್ಯಂತ ಅಪಾಯಕಾರಿ ನಿರ್ಧಾರ. ಅಟ್ರೋಪಿನ್ ದುಬಾರಿ ಔಷಧವಲ್ಲ, ಅದನ್ನು ಕೊಡಲು ದೊಡ್ಡ ಆಸ್ಪತ್ರೆಯೂ ಬೇಕಿಲ್ಲ. ಮೊದಲ ಇಂಜೆಕ್ಷನ್ ಬೀಳುವ ಹೊತ್ತಿಗೆ ದೇವನಹಳ್ಳಿಯ ಟೋಲ್ ದಾಟಿದ್ದರೆ ರೋಗಿಯ ಶ್ವಾಸಕೋಶ ಆಗಲೇ ತುಂಬಿರುತ್ತದೆ.

ನಮ್ಮಲ್ಲಿರುವ ತೊಂದರೆ ಔಷಧ ಇಲ್ಲವೆಂಬುದಲ್ಲ, ಕೊಡುವ ಪ್ರಮಾಣದಲ್ಲಿನ ಅಂಜಿಕೆ. ಭಾರತದಲ್ಲಿ ಸಿಗುವ ಅಟ್ರೋಪಿನ್‌ನ ಒಂದು ಆಂಪ್ಯೂಲಿನಲ್ಲಿ, ಅಂದರೆ ಇಂಜೆಕ್ಷನ್ನಿನ ಚಿಕ್ಕ ಗಾಜಿನ ಶೀಶೆಯಲ್ಲಿ, ಸಾಮಾನ್ಯವಾಗಿ 0.6 ಮಿಲಿಗ್ರಾಂ ಇರುತ್ತದೆ. ಎರಡು ಆಂಪ್ಯೂಲ್ ಕೊಟ್ಟು, ‘ಅಟ್ರೋಪಿನ್ ಕೊಡಲಾಗಿದೆ’ ಎಂದು ಚೀಟಿ ಬರೆದು ಮುಂದಕ್ಕೆ ಕಳುಹಿಸಿದವರನ್ನು ನಾವು ಬಹಳ ಸಲ ಬರಮಾಡಿಕೊಂಡಿದ್ದೇವೆ. ವಯಸ್ಕರಿಗೆ ಆರಂಭದ ಪ್ರಮಾಣವೇ ಮೂರರಿಂದ ಐದು ಆಂಪ್ಯೂಲ್. ಐದು ನಿಮಿಷದಲ್ಲಿ ಎದೆ ತಿಳಿಯಾಗದಿದ್ದರೆ ಅದರ ಎರಡರಷ್ಟು, ಆಗಲೂ ಆಗದಿದ್ದರೆ ಮತ್ತೆ ಅದರ ಎರಡರಷ್ಟು. ಐದು, ಹತ್ತು, ಇಪ್ಪತ್ತು ಎಂದು ಲೆಕ್ಕ ಹಾಕಿದರೆ ಹತ್ತೇ ನಿಮಿಷದಲ್ಲಿ 35 ಆಂಪ್ಯೂಲ್ ಖಾಲಿಯಾಗುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಕಪಾಟಿನಲ್ಲಿ ಅಷ್ಟು ದಾಸ್ತಾನು ಇದೆಯೇ ಎಂಬುದು ಗ್ರಾಮ ಪಂಚಾಯಿತಿಯವರು ಕೇಳಬೇಕಾದ ಪ್ರಶ್ನೆ.

ಈ ದ್ವಿಗುಣಗೊಳಿಸುವ ಕ್ರಮಕ್ಕೆ ಆಧಾರವಿದೆ. ಬಾಂಗ್ಲಾದೇಶದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸುಮಾರು 150 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹಳೆಯ ಪದ್ಧತಿಯಂತೆ ನಿಗದಿತ ಪ್ರಮಾಣವನ್ನು ಮತ್ತೆ ಮತ್ತೆ ಕೊಟ್ಟರು. ಇನ್ನೊಂದಕ್ಕೆ ವೇಗವಾಗಿ ಏರಿಸುತ್ತ ಹೋಗಿ ನಂತರ ಡ್ರಿಪ್ಪಿನಲ್ಲಿ ಹರಿಸಿದರು. ಮೊದಲ ಗುಂಪಿನಲ್ಲಿ ಶೇ. 22.5 ಮಂದಿ ತೀರಿಕೊಂಡರೆ ಎರಡನೆಯದರಲ್ಲಿ ಶೇ. 8 ಮಂದಿ. ಹೊಸ ಔಷಧ ಏನೂ ಇಲ್ಲ, ಕೊಡುವ ರೀತಿ ಮಾತ್ರ ಬೇರೆ.

ನಿಲ್ಲಿಸುವುದು ಯಾವಾಗ ಎಂಬುದೂ ಮುಖ್ಯ. ಎದೆಯ ಸದ್ದು ತಿಳಿಯಾಗಬೇಕು, ನಾಡಿ ನಿಮಿಷಕ್ಕೆ 80 ದಾಟಬೇಕು, ಮೇಲಿನ ರಕ್ತದೊತ್ತಡ 80ರ ಮೇಲಿರಬೇಕು, ಕಂಕುಳು ಒಣಗಬೇಕು. ಪಾಪೆ ಹಿಗ್ಗುವುದನ್ನೇ ಕಾಯುತ್ತ ಕೂರಬಾರದು, ಅದು ತಡವಾಗಿ ಹಿಗ್ಗುತ್ತದೆ. ಗುರಿ ಮುಟ್ಟಿದ ಮೇಲೆ ಅಲ್ಲಿಯವರೆಗೆ ಕೊಟ್ಟ ಒಟ್ಟು ಪ್ರಮಾಣದ ಶೇ. 10ರಿಂದ 20ರಷ್ಟನ್ನು ಪ್ರತಿ ಗಂಟೆಗೆ ಡ್ರಿಪ್ಪಿನಲ್ಲಿ ಹರಿಸಬೇಕು. ರೋಗಿ ಹಾಸಿಗೆಯ ಬಟ್ಟೆಯನ್ನು ಕೀಳುತ್ತ ಅಸಂಬದ್ಧವಾಗಿ ಮಾತನಾಡತೊಡಗಿದರೆ, ಜ್ವರ ಏರಿದರೆ, ಹೊಟ್ಟೆಯ ಸದ್ದು ನಿಂತರೆ ಹೆಚ್ಚಾಗಿದೆ ಎಂದರ್ಥ. ಆಗ ತುಸು ಹೊತ್ತು ನಿಲ್ಲಿಸಿ, ಕಡಿಮೆ ವೇಗದಲ್ಲಿ ಮತ್ತೆ ಆರಂಭಿಸುತ್ತೇವೆ. ರಾತ್ರಿ ಪಾಳಿಯಲ್ಲಿ ಒಬ್ಬಳೇ ನರ್ಸ್ ಇರುವ ವಾರ್ಡಿನಲ್ಲಿ ಇದನ್ನೆಲ್ಲ ಕಾಲು ಗಂಟೆಗೊಮ್ಮೆ ನೋಡುವುದು ಎಷ್ಟು ಕಷ್ಟವೆಂಬುದನ್ನು ಬರೆಯಲು ಹೋದರೆ ಬೇರೆಯೇ ಚರ್ಚೆಯಾಗುತ್ತದೆ.

ಆಮ್ಲಜನಕ ಇಲ್ಲದೆ ಅಟ್ರೋಪಿನ್ ಕೊಟ್ಟರೆ ಹೃದಯದ ಲಯ ತಪ್ಪುತ್ತದೆ ಎಂಬ ಹಳೆಯ ಭಯವನ್ನೂ ಬಿಡಬೇಕು. ಶ್ರೀಲಂಕಾದ ಆಸ್ಪತ್ರೆಗಳ ಅನುಭವ ಅದನ್ನು ಸಮರ್ಥಿಸಿಲ್ಲ. ಆಮ್ಲಜನಕವಿದ್ದರೆ ಕೊಡಿ, ಇಲ್ಲವೆಂದು ಕಾಯಬೇಡಿ.

ಮಾವು ಬೆಳೆಗಾರ, ಶ್ರೀನಿವಾಸಪುರ ತಾಲ್ಲೂಕು:
ಮೇಡಂ ವಿವರವಾಗಿ ತಿಳಿಸಿದ್ದೀರಿ, ಧನ್ಯವಾದಗಳು. ನಮ್ಮ ಬಾಮೈದನಿಗೆ ಹೀಗಾದಾಗ ಆಸ್ಪತ್ರೆಯವರು ‘ಪಾಮ್’ ಎಂಬ ಇಂಜೆಕ್ಷನನ್ನು ಹೊರಗಿನಿಂದ ತರಿಸಿದರು. ಅದಕ್ಕೆ ಬಹಳ ಹಣ ಖರ್ಚಾಯಿತು. ಅದು ಬೇಕೇಬೇಕೇ?

ವೈದ್ಯಕೀಯ ಸ್ನಾತಕೋತ್ತರ ವಿದ್ಯಾರ್ಥಿ, ತುಮಕೂರು:
ಪಾಮ್ ಎಂದರೆ ಪ್ರಾಲಿಡಾಕ್ಸಿಮ್. ಕಿಣ್ವಕ್ಕೆ ಅಂಟಿದ ವಿಷವನ್ನು ಕಿತ್ತು ಬಿಡಿಸುವುದು ಅದರ ಕೆಲಸ, ಆದ್ದರಿಂದ ತರ್ಕದ ಪ್ರಕಾರ ಅದೇ ನಿಜವಾದ ಪ್ರತಿವಿಷ. ಮಹಾರಾಷ್ಟ್ರದ ಬಾರಾಮತಿಯಲ್ಲಿ 200 ರೋಗಿಗಳ ಮೇಲೆ ನಡೆದು 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 2 ಗ್ರಾಂ ಕೊಟ್ಟ ಮೇಲೆ 48 ಗಂಟೆಗಳ ಕಾಲ ಗಂಟೆಗೆ 1 ಗ್ರಾಂನಂತೆ ಎಡೆಬಿಡದೆ ಹರಿಸಿದ ಗುಂಪಿನಲ್ಲಿ ಸಾವು ಶೇ. 1, ನಾಲ್ಕು ಗಂಟೆಗೊಮ್ಮೆ 1 ಗ್ರಾಂ ಕೊಟ್ಟ ಗುಂಪಿನಲ್ಲಿ ಶೇ. 8. ಹಾಗಾಗಿ ಕೊಡಲೇಬೇಕು, ಕೊಟ್ಟರೆ ಧಾರಾಳವಾಗಿ ಕೊಡಬೇಕು ಎಂಬುದು ನನ್ನ ನಿಲುವು.

ತುರ್ತು ಚಿಕಿತ್ಸಾ ವೈದ್ಯ, ಕೋಲಾರ:
ತಾವು ಅರ್ಧ ಚಿತ್ರವನ್ನಷ್ಟೇ ಕೊಟ್ಟಿದ್ದೀರಿ. ಬಾರಾಮತಿಯ ರೋಗಿಗಳು ಬೇಗ ಬಂದವರು, ಅವರಿಗೆ ಉತ್ತಮ ತೀವ್ರ ನಿಗಾ ಘಟಕದ ಆರೈಕೆ ಸಿಕ್ಕಿತ್ತು. 2009ರಲ್ಲಿ ಪ್ರಕಟವಾದ ಶ್ರೀಲಂಕಾದ ಪ್ರಯೋಗದಲ್ಲಿ 235 ರೋಗಿಗಳಿದ್ದರು. ಪ್ರಾಲಿಡಾಕ್ಸಿಮ್ ಪಡೆದವರಲ್ಲಿ ಕಿಣ್ವ ಚೇತರಿಸಿಕೊಂಡದ್ದು ಪರೀಕ್ಷೆಯಲ್ಲಿ ಕಂಡುಬಂತು, ಆದರೆ ಸಾವು ಕಡಿಮೆಯಾಗಲಿಲ್ಲ. ಪಡೆದವರಲ್ಲಿ ಶೇ. 24.8, ಪಡೆಯದವರಲ್ಲಿ ಶೇ. 15.8. ರೋಗಿಗಳ ಸಂಖ್ಯೆ ಚಿಕ್ಕದಾದ್ದರಿಂದ ಔಷಧವೇ ಕೊಂದಿತೆಂದು ಹೇಳಲಾಗದು, ಉಳಿಸಿತೆಂದಂತೂ ಹೇಳಲಾಗದು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1990ರ ದಶಕದಲ್ಲಿ ನಡೆದ ಪ್ರಯೋಗಗಳಲ್ಲೂ ಲಾಭ ಕಾಣಲಿಲ್ಲ. ತಡವಾಗಿ ಬಂದವರಲ್ಲಿ ವಿಷವು ಕಿಣ್ವಕ್ಕೆ ಬಿಡಿಸಲಾಗದಂತೆ ಅಂಟಿಬಿಟ್ಟಿರುತ್ತದೆ ಎಂಬುದು ಒಂದು ವಿವರಣೆ.

ಬೇಗ ಬಂದ ರೋಗಿಗೆ, ಔಷಧ ಆಸ್ಪತ್ರೆಯಲ್ಲೇ ಇದ್ದರೆ, ನಾನು ಕೊಡುತ್ತೇನೆ. ಆದರೆ ಅದನ್ನು ತರಲು ರೋಗಿಯ ಮನೆಯವರನ್ನು ಒಡವೆ ಅಡವಿಡಲು ಕಳುಹಿಸುವುದಿಲ್ಲ. ಆ ಹಣ ವೆಂಟಿಲೇಟರ್ ಇರುವ ಹಾಸಿಗೆಗೆ ಖರ್ಚಾಗಲಿ.

ವೈದ್ಯಕೀಯ ಸ್ನಾತಕೋತ್ತರ ವಿದ್ಯಾರ್ಥಿ, ತುಮಕೂರು:
ಹಣದ ಮಾತನ್ನು ಒಪ್ಪುತ್ತೇನೆ ಸರ್. ಎರಡು ಗಂಟೆಯೊಳಗೆ ಬಂದವರ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬದಲಾಗಿಲ್ಲ.

ಸರ್ಕಾರಿ ಶಾಲಾ ಶಿಕ್ಷಕಿ, ಚಿಂತಾಮಣಿ:
ಮಕ್ಕಳ ವಿಷಯವನ್ನೂ ತಿಳಿಸಿಕೊಡಿ. ನಮ್ಮ ಕಡೆ ಮಗು ಏನಾದರೂ ನುಂಗಿತೆಂದರೆ ಮೊದಲು ಉಪ್ಪುನೀರು, ಇಲ್ಲವೇ ಹುಣಸೆಹಣ್ಣಿನ ನೀರು ಕುಡಿಸಿ ಗಂಟಲಿಗೆ ಬೆರಳು ಹಾಕುತ್ತಾರೆ.

ಶುಶ್ರೂಷಾಧಿಕಾರಿ, ಗೌರಿಬಿದನೂರು:
ದಯವಿಟ್ಟು ಹಾಗೆ ಮಾಡಲು ಬಿಡಬೇಡಿ ಟೀಚರ್. ಸೀಮೆಎಣ್ಣೆ ಕುಡಿದ ಮಗುವಿಗೆ ವಾಂತಿ ಮಾಡಿಸಿದರೆ ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಅಪಾಯವಿರುವುದು ಹೊಟ್ಟೆಯಲ್ಲಲ್ಲ, ಅಲ್ಲಿ. ಉಪ್ಪುನೀರು ಹೆಚ್ಚಾದರೆ ರಕ್ತದಲ್ಲಿ ಸೋಡಿಯಂ ಏರಿ ಫಿಟ್ಸ್ ಬರಬಹುದು. ಬೇಲಿಯ ಕಾಡುಹರಳು ತಿಂದ ಮಕ್ಕಳಿಗೆ ವಾಂತಿ ಭೇದಿ ಜೋರಾಗಿಯೇ ಆಗುತ್ತದೆ, ದ್ರವ ಕೊಟ್ಟು ನೋಡಿಕೊಂಡರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ನನಗೆ ನಿಜವಾಗಿ ಭಯವಿರುವುದು ಹಳದಿ ರಂಜಕವಿರುವ ಇಲಿ ಪೇಸ್ಟ್ ಬಗ್ಗೆ. ಬ್ರೆಡ್ಡಿಗೋ ಬೋಂಡಕ್ಕೋ ಸವರಿ ಮೂಲೆಯಲ್ಲಿಟ್ಟದ್ದನ್ನು ಮಗು ತಿಂದರೆ ಮೊದಲ ದಿನ ಒಂದೆರಡು ವಾಂತಿಯಾಗಿ ನಿಲ್ಲುತ್ತದೆ. ಮಗು ಆಡಿಕೊಂಡಿದೆಯೆಂದು ಮನೆಗೆ ಕರೆದೊಯ್ಯುತ್ತಾರೆ. ಎರಡು ಮೂರು ದಿನಗಳ ನಂತರ ಕಾಮಾಲೆ ಕಾಣಿಸಿಕೊಂಡು ಯಕೃತ್ತು ಕೈಕೊಡುತ್ತದೆ. ಪೇಸ್ಟ್ ತಿಂದ ಅನುಮಾನವಿದ್ದರೆ ಲಕ್ಷಣವಿಲ್ಲದಿದ್ದರೂ ಯಕೃತ್ತಿನ ಪರೀಕ್ಷೆ ಆಗುವವರೆಗೆ ಮನೆಗೆ ಬರಬೇಡಿ.

ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ 1995ರಿಂದ ನಡೆಯುತ್ತಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಶುಲ್ಕರಹಿತ ಸಂಖ್ಯೆ 1800 116 117. ಹಗಲು ರಾತ್ರಿ ಉತ್ತರಿಸುತ್ತಾರೆ. ವೈದ್ಯರಷ್ಟೇ ಅಲ್ಲ, ತಾವೂ ಕೇಳಬಹುದು. ಆದರೆ 108ಕ್ಕೆ ಕರೆ ಮಾಡಿದ ನಂತರ.

ಕೀಟನಾಶಕ ಅಂಗಡಿಯವರು, ಶ್ರೀನಿವಾಸಪುರ:
ಶಾಲೆಯ ಮಾತು ಬಂದದ್ದರಿಂದ ಹೇಳುತ್ತೇನೆ. 2013ರ ಜುಲೈನಲ್ಲಿ ಬಿಹಾರದ ಗಂಡಾಮನ್ ಹಳ್ಳಿಯಲ್ಲಿ ಬಿಸಿಯೂಟ ತಿಂದು 23 ಮಕ್ಕಳು ಸತ್ತದ್ದು ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಸೇರಿದ್ದರಿಂದ. ಖಾಲಿ ಕ್ಯಾನನ್ನು ತೊಳೆದು ಮನೆಗೆ ಬಳಸುವವರು ನಮ್ಮ ತಾಲ್ಲೂಕಿನಲ್ಲೂ ಇದ್ದಾರೆ. ನಮ್ಮ ಅಂಗಡಿಯಲ್ಲಿ ಖಾಲಿ ಡಬ್ಬಿಗೆ ತೂತು ಮಾಡಿ ಎಸೆಯಿರೆಂದು ಹೇಳಿಯೇ ಕೊಡುತ್ತೇವೆ.

ರಾಗಿ ದಾಸ್ತಾನು ಮಾಡುವವರು, ಪಾವಗಡ:
ಕಾಳಿಗೆ ಹಾಕುವ ಮಾತ್ರೆಯೂ ಇದೇ ಜಾತಿಯದೇ?

ತುರ್ತು ಚಿಕಿತ್ಸಾ ವೈದ್ಯ, ಕೋಲಾರ:
ಅಲ್ಲ, ಅದು ಅಲ್ಯೂಮಿನಿಯಂ ಫಾಸ್ಫೈಡ್. ತೇವ ತಗುಲಿದರೆ ಫಾಸ್ಫೀನ್ ಅನಿಲ ಹೊರಬರುತ್ತದೆ. 3 ಗ್ರಾಂ ತೂಕದ ಒಂದು ಮಾತ್ರೆಯಿಂದ ಸುಮಾರು 1 ಗ್ರಾಂ ಅನಿಲ. ಹೃದಯದ ಸ್ನಾಯುವನ್ನೇ ಹಿಡಿಯುತ್ತದೆ, ನಿರ್ದಿಷ್ಟ ಪ್ರತಿವಿಷವಿಲ್ಲ. ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನಂಥ ವಾಸನೆ ಬಂದರೆ ಮನೆಯವರೆಲ್ಲ ಹೊರಗೆ ಬರಬೇಕು. ಮಾತ್ರೆಯಿಟ್ಟ ಕೋಣೆಯಲ್ಲಿ, ಅದರ ಪಕ್ಕದ ಕೋಣೆಯಲ್ಲಿ ಕೂಡ ಮಲಗಬಾರದು. ಅದರ ಮೇಲೆ ನೀರು ಸುರಿಯಬಾರದು.

ಮುಳಬಾಗಿಲಿನ ಟೊಮೆಟೊ ಬೆಳೆಗಾರ:
ಇನ್ನೊಂದು ಸಂಶಯ. ನಮ್ಮ ಹುಡುಗ ಎರಡನೆಯ ದಿನ ಎದ್ದು ಕೂತು ಮಾತನಾಡಿದ್ದ. ಮೂರನೆಯ ದಿನ ವೆಂಟಿಲೇಟರ್ ಹಾಕಬೇಕಾಯಿತು. ಚಿಕಿತ್ಸೆಯಲ್ಲಿ ಏನೋ ಎಡವಟ್ಟಾಗಿದೆ ಎಂದು ಊರವರು ಆಸ್ಪತ್ರೆಯ ಮುಂದೆ ಗಲಾಟೆ ಮಾಡುವುದರಲ್ಲಿದ್ದರು. ಪೊಲೀಸ್ ಕೇಸು ಬೇರೆ ಬರೆದರು, ಅವನು ಬೇಕೆಂದೇನೂ ಕುಡಿದವನಲ್ಲ.

ತುರ್ತು ಚಿಕಿತ್ಸಾ ವೈದ್ಯ, ಕೋಲಾರ:
ಗಲಾಟೆಯಾಗದಿದ್ದುದು ಒಳ್ಳೆಯದಾಯಿತು. ಜೊಲ್ಲು, ಬೆವರು ನಿಂತು ಒಂದರಿಂದ ನಾಲ್ಕು ದಿನಗಳ ನಡುವೆ ಉಸಿರಾಟದ ಸ್ನಾಯುಗಳು ಸೋಲುವುದನ್ನು ಶ್ರೀಲಂಕಾದ ವೈದ್ಯರು 1987ರಲ್ಲಿ ವಿವರಿಸಿದರು. ಅದಕ್ಕೆ ಅಟ್ರೋಪಿನ್ ಏನೂ ಮಾಡದು. ಸ್ನಾಯುಗಳು ಮರಳಿ ಶಕ್ತಿ ಪಡೆಯುವವರೆಗೆ ಯಂತ್ರವೇ ಉಸಿರಾಡಿಸಬೇಕು. ಮುನ್ಸೂಚನೆ ಸಿಗುವುದು ಕುತ್ತಿಗೆಯಲ್ಲಿ: ಮಲಗಿದವನಿಗೆ ದಿಂಬಿನಿಂದ ತಲೆಯನ್ನು ಎತ್ತಲಾಗುವುದಿಲ್ಲ, ಒಂದೇ ಉಸಿರಿನಲ್ಲಿ ಎಣಿಸುವ ಸಂಖ್ಯೆ ಕಡಿಮೆಯಾಗುತ್ತ ಹೋಗುತ್ತದೆ. ಪಕ್ಕದಲ್ಲಿ ಕೂತ ಮನೆಯವರು ಇವೆರಡನ್ನೂ ಗಮನಿಸಿ ನರ್ಸ್‌ಗೆ ತಿಳಿಸಬಹುದು. ಚೆನ್ನಾಗಿದ್ದಾನೆಂದು ಎರಡನೆಯ ದಿನವೇ ಸಹಿ ಹಾಕಿ ಕರೆದೊಯ್ಯುವವರು ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಪೊಲೀಸರಿಗೆ ತಿಳಿಸುವುದು ಆಸ್ಪತ್ರೆಯ ಕರ್ತವ್ಯ, ಅದು ಆಪಾದನೆಯಲ್ಲ. ಆ ವಿಧಿಗಾಗಿ ಚಿಕಿತ್ಸೆಯನ್ನು ತಡೆಯುವಂತಿಲ್ಲವೆಂದು ಸುಪ್ರೀಂ ಕೋರ್ಟು 1989ರ ಪರಮಾನಂದ ಕಟಾರ ಪ್ರಕರಣದಲ್ಲಿಯೇ ಹೇಳಿದೆ. ಕೇಸಿಗೆ ಹೆದರಿ ‘ಏನೂ ಹೊಡೆದಿಲ್ಲ, ಸುಮ್ಮನೆ ತಲೆಸುತ್ತು’ ಎಂದು ವೈದ್ಯರಿಗೆ ಸುಳ್ಳು ಹೇಳಬೇಡಿ.

ಮುಳಬಾಗಿಲಿನ ಟೊಮೆಟೊ ಬೆಳೆಗಾರ:
ಅವನು ಮತ್ತೆ ಪಂಪು ಹಿಡಿಯುವುದು ಯಾವಾಗ?

ಪ್ರಯೋಗಾಲಯ ತಂತ್ರಜ್ಞ, ಚಿಕ್ಕಬಳ್ಳಾಪುರ:
ಕೆಂಪು ರಕ್ತಕಣದ ಕಿಣ್ವ ದಿನಕ್ಕೆ ಸುಮಾರು ಶೇ. 1ರಷ್ಟು ಮಾತ್ರ ಹೊಸದಾಗಿ ತುಂಬಿಕೊಳ್ಳುತ್ತದೆ, ಆದ್ದರಿಂದ ತಿಂಗಳುಗಳ ಲೆಕ್ಕ ಹಿಡಿಯಿರಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೀಟನಾಶಕ ಕೆಲಸದವರಿಗೆ ಕೆಲಸಕ್ಕೆ ಮುಂಚೆಯೇ ಒಮ್ಮೆ ಪರೀಕ್ಷೆ ಮಾಡಿಟ್ಟುಕೊಂಡಿರುತ್ತಾರೆ. ವಿಷ ತಗುಲಿ ಕೆಲಸ ಬಿಟ್ಟವನು ತನ್ನ ಮೂಲ ಅಂಕಿಯ ಶೇ. 80ಕ್ಕೆ ಮರಳಿದ ಮೇಲಷ್ಟೇ ಹೊಲಕ್ಕಿಳಿಯಬೇಕೆಂಬುದು ಅಲ್ಲಿಯ ನಿಯಮ. ತಮ್ಮ ಸಹೋದರನಿಗೆ ಹಾಗೆ ಮೂಲ ಅಂಕಿಯಿಲ್ಲ. ಆದ್ದರಿಂದ ತಿಂಗಳಿಗೊಮ್ಮೆ ಒಂದೇ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಎರಡು ಸಲ ಅಂಕಿ ಏರದೆ ಒಂದೇ ಕಡೆ ನಿಂತರೆ ಅದೇ ಅವನ ಮೂಲವೆಂದು ಬರೆದಿಟ್ಟುಕೊಳ್ಳಿ. ರಕ್ತ ತೆಗೆಸುವ ದಿನ ಬೆಳಿಗ್ಗೆ ಬನ್ನಿ, ಮಾದರಿಯನ್ನು ಮಂಜುಗಡ್ಡೆಯಲ್ಲಿಟ್ಟು ಅದೇ ದಿನ ಕಳುಹಿಸಬೇಕಾಗುತ್ತದೆ.

ಮುಳಬಾಗಿಲಿನ ಟೊಮೆಟೊ ಬೆಳೆಗಾರ:
ಆಗಲಿ ಸರ್. ಬರುವ ಸೋಮವಾರ ಸಂತೆಗೆ ಹೋಗದೆ ಅವನನ್ನು ಕರೆದುಕೊಂಡು ಬರುತ್ತೇನೆ. ನನ್ನದನ್ನೂ ಒಂದು ಪರೀಕ್ಷೆ ಮಾಡಿಡಿ, ಈ ಬೆಳೆಗೆ ಔಷಧಿ ಹೊಡೆಯುವವನು ನಾನೇ.